ಹಸಿರು ಬ್ಯಾಗಿನ ಹತ್ತು ಗುರುತು

ಅನಾಹುತಕ್ಕೆಲ್ಲ ಮೂಲ ಒಂದು ಚೀಟಿ. ಮೂರು ದಿನದ ಚಾರಣಕ್ಕೆ ಹೊರಡುವ ಮಕ್ಕಳು ಏನೇನು ತರಬೇಕೆಂದು ಶಾಲೆಯ ಡ್ರಿಲ್ ಮೇಷ್ಟ್ರು ಬರೆದು ಕಳಿಸಿದ್ದ ಚೀಟಿ: ನೀರಿಳಿಯದ ಜಾಕೆಟ್ಟು, ಕಾಲಿನ ಹರಡು ಮುಚ್ಚುವ ಬೂಟು, ಬೆನ್ನಿಗೆ ಹಾಕುವ ದೊಡ್ಡ ಬ್ಯಾಗು, ಮಲಗುವ ಚೀಲ, ಟಾರ್ಚು, ನೀರಿನ ಬಾಟಲಿ. ಕೆಳಗೆ ಕೆಂಪು ಶಾಯಿಯಲ್ಲಿ, 'ಇದರಲ್ಲಿ ಒಂದು ಕಡಿಮೆಯಿದ್ದರೂ ಬಸ್ಸು ಹತ್ತಿಸುವುದಿಲ್ಲ.' ಚೀಟಿ ಬಂದು ಹದಿನೈದು ದಿನವಾಗಿತ್ತು. ಬಸ್ಸು ಹೊರಡುವುದು ನಾಳೆ ಬೆಳಿಗ್ಗೆ ಆರಕ್ಕೆ. ಮನೆಯಲ್ಲಿ ಇದ್ದದ್ದು ನೀರಿನ ಬಾಟಲಿಯ ಮುಚ್ಚಳ ಒಂದೇ.

"ಅಪ್ಪಾ, ಹೋದ ವರ್ಷ ಕ್ಯಾನ್ವಾಸ್ ಶೂ ಹಾಕಿ ಕಳಿಸ್ದೆ. ಮೇಷ್ಟ್ರು ಗೇಟಿಂದಾನೇ ವಾಪಸ್ ಕಳಿಸಿದ್ರು. ಬಸ್ಸಲ್ಲಿದ್ದೋರೆಲ್ಲಾ ಕಿಟಕೀಲಿ ನಂಗೆ ಟಾಟಾ ಮಾಡಿದ್ರು," ಎಂದಳು ಒಂಬತ್ತನೇ ತರಗತಿಯ ಮಗಳು. "ಈ ಸಲಾನೂ ಹಾಗಾದ್ರೆ ನಾನು ಇನ್ಯಾವತ್ತೂ ನಿನ್ನ ಏನೂ ಕೇಳಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿನಿಂದ ಅಪ್ಪನಿಗೆ ಸಂತೋಷವೇ ಆಗುತ್ತಿತ್ತೇನೋ. ಆದರೆ ಅವಳು ಅಳಲಿಲ್ಲ, ಕೂಗಾಡಲಿಲ್ಲ, ಜಡೆ ಹೆಣೆದುಕೊಳ್ಳುತ್ತ ತಣ್ಣಗೆ ಹೇಳಿದಳು. ಅದು ಅವರ ಎದೆಗೆ ನಾಟಿತು. "ಸಂಜೆಯೊಳಗೆ ತರ್ತೀನಿ. ಒಂದೂ ಬಿಡದೆ ತರ್ತೀನಿ," ಎಂದು ಚೀಟಿ ಜೇಬಿಗಿಟ್ಟುಕೊಂಡು ಆಫೀಸಿಗೆ ಹೊರಟರು.

ಅವರ ಆಫೀಸೆಂದರೆ ಸಿಟಿ ಬಸ್ ಡಿಪೋದ ಮೂಲೆಯಲ್ಲಿರುವ 'ಕಳೆದುಹೋದ ವಸ್ತುಗಳ ವಿಭಾಗ'. ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಚೀಲ, ಊಟದ ಡಬ್ಬಿಗಳಿಗೆಲ್ಲ ಅವರೇ ದಿಕ್ಕು. ಬಿಟ್ಟುಹೋದದ್ದು ವಾಪಸು ಬೇಕೆಂದರೆ ಬಿಲ್ಲು ತೋರಿಸಬೇಕು, ಇಲ್ಲವೇ ಹತ್ತು ಗುರುತು ಹೇಳಬೇಕು. ಒಂಬತ್ತು ಹೇಳಿದರೆ ನಮಸ್ಕಾರ, ಹೋಗಿಬನ್ನಿ. ಕನ್ನಡಕ ಕಳೆದುಕೊಂಡ ಒಬ್ಬ ಅಜ್ಜಿಯನ್ನು ಮೂವತ್ತು ಕನ್ನಡಕಗಳ ಮುಂದೆ ನಿಲ್ಲಿಸಿ, "ನಿಮ್ಮದು ಯಾವುದು, ನೋಡಿ ಹೇಳಿ," ಎಂದಿದ್ದರು ಪುಣ್ಯಾತ್ಮರು. ಅಜ್ಜಿಗೆ ಮೇಜೇ ಕಾಣಲಿಲ್ಲ. ಆವತ್ತಿನಿಂದ ಇಡೀ ಡಿಪೋ ಅವರನ್ನು ಗುರುತಪ್ಪ ಎಂದೇ ಕರೆಯುತ್ತಿತ್ತು.

ಗುರುತಪ್ಪನವರಿಗೆ ಇನ್ನೊಂದು ವ್ರತವಿತ್ತು. ಕೌಂಟರಿಗೆ ಬಂದವರ ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ನಿಯಮ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಅವರೇ ಗೆರೆ ಎಳೆದು ಮಾಡಿದ ರಿಜಿಸ್ಟರಿನಲ್ಲಿ ವಸ್ತುವಿಗೆ ಹದಿನೆಂಟು ಕಾಲಂ ಇದ್ದವು. ಅದನ್ನು ತೆಗೆದುಕೊಂಡು ಹೋಗುವ ಮನುಷ್ಯನಿಗೆ ಒಂದೇ ಕಾಲಂ, ಸಹಿ.

ಆ ಬೆಳಿಗ್ಗೆ ಮೊದಲು ಬಂದವನೊಬ್ಬ ಏದುಸಿರು ಬಿಡುತ್ತ ಕೌಂಟರಿನ ಮೇಲೆ ಕೈಯಿಟ್ಟ.

"ಸಾರ್, ಆ ನೀಲಿ ಬ್ಯಾಗು ನಂದು. ನಿನ್ನೆ ಬಸ್ಸಲ್ಲಿ ಬಿಟ್ಬಿಟ್ಟೆ. ಅಗೋ, ನಿಮ್ಮ ಹಿಂದೇನೇ ಇದೆ."

"ಬಿಲ್ಲು?" ಎಂದರು ಗುರುತಪ್ಪನವರು ರಿಜಿಸ್ಟರ್ ನೋಡುತ್ತ.

"ಬ್ಯಾಗೊಳಗೇ ಇದೆ ಸಾರ್."

"ಬಿಲ್ಲು ತೋರಿಸಿ, ಬ್ಯಾಗು ಕೊಡ್ತೀವಿ."

"ಬ್ಯಾಗು ಕೊಡಿ, ಬಿಲ್ಲು ತೋರಿಸ್ತೀನಿ!"

"ಹಾಗಾದ್ರೆ ಹತ್ತು ಗುರುತು ಹೇಳಿ."

ಆತ ತಡವರಿಸಿದ. "ಸಾಮಾನು ಆರಿಸಿದ್ದು ನಮ್ಮನೆಯವಳು ಸಾರ್, ನಾನು ಬರೀ ಹೊತ್ಕೊಂಡು ಬಂದೋನು. ಬ್ಯಾಗು ನೀಲಿ. ಒಳಗೆ ಜಾಕೆಟ್ಟಿದೆ, ಬೂಟಿದೆ..." ಹೇಗೋ ಹೆಣಗಾಡಿ ಆರು ಗುರುತಿಗೆ ಬಂದು ನಿಂತ.

"ಜಾಕೆಟ್ಟಿಗೆ ಒಳಜೇಬು ಎಷ್ಟು?"

"ಎರಡು?"

"ಮೂರು. ಬೂಟಲ್ಲಿ ಲೇಸಿನ ತೂತು ಎಷ್ಟು?"

"ಬೂಟಿನ ತೂತು ಯಾರಾದ್ರೂ ಎಣಿಸ್ತಾರಾ ಸಾರ್?"

"ನಾನು ಎಣಿಸ್ತೀನಿ," ಎಂದರು ಗುರುತಪ್ಪನವರು ಹೆಮ್ಮೆಯಿಂದ.

"ನಾಳೆ ಬೆಳಿಗ್ಗೆ ಆರಕ್ಕೆ ಮಗ ಸ್ಕೂಲಿಂದ ಚಾರಣಕ್ಕೆ ಹೊರಡ್ಬೇಕು ಸಾರ್. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೋಡಿದ್ರೇ ಗೊತ್ತಾಗಲ್ವಾ?"

"ಅದೇ ಚಾರಣಕ್ಕೆ ನನ್ನ ಮಗಳೂ ಹೊರಡ್ಬೇಕು. ಹಾಗಂತ ನಿಯಮ ಮುರಿಯೋಕಾಗುತ್ತಾ? ಮುಂದಿನವರು ಬನ್ನಿ."

ಆಮೇಲೆ ಕೌಂಟರಿನ ಮೇಲಿದ್ದ ಕೈಗಳು ಮಾಯವಾದವು.

ಗುರುತಪ್ಪನವರು ಅರ್ಧ ದಿನದ ರಜೆ ಚೀಟಿ ಬರೆಯುತ್ತಿದ್ದಂತೆ ಸುದ್ದಿ ಹರಡಿತು. ಕ್ಯಾಷಿಯರು ದುಡ್ಡಿನ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಓಡಿಬಂದರು. ಅವರು ಕಾಲೇಜಿನ ದಿನಗಳಲ್ಲಿ ಒಂದು ಗುಡ್ಡ ಹತ್ತಿದ್ದರು. ಅರ್ಧಕ್ಕೇ ಇಳಿದಿದ್ದರೆಂಬುದು ಬೇರೆ ವಿಷಯ.

"ನೋಡ್ರೀ, ಬೂಟು ಒಂದು ಸೈಜು ದೊಡ್ಡದು ತಗೊಳ್ಳಿ. ಇಳಿಯೋವಾಗ ಬೆರಳು ಮುಂದಕ್ಕೆ ಬರುತ್ತೆ."

"ಅಯ್ಯೋ ಬೇಡಿ," ಎಂದರು ಟೈಪಿಸ್ಟ್ ಮೇಡಂ. "ಒಂದು ಸೈಜು ಚಿಕ್ಕದು ತಗೊಳ್ಳಿ. ನಡೀತಾ ನಡೀತಾ ಹಿಗ್ಗುತ್ತೆ."

ರಜೆಗೆ ಸಹಿ ಹಾಕಬೇಕಾದ ಸೂಪರಿಂಟೆಂಡೆಂಟರು ಪೆನ್ನು ಎತ್ತಿ ಹಿಡಿದು ಕಾಲು ಗಂಟೆ ಯೋಚಿಸಿ, "ಬೂಟೇ ಯಾಕ್ರೀ? ಎರಡೆರಡು ಜೊತೆ ಕಾಲುಚೀಲ ಹಾಕಿದ್ರಾಯ್ತು. ಈ ಬೆಟ್ಟ ಹತ್ತೋದೇ ದಂಡ. ದೂರದ ಬೆಟ್ಟ ನುಣ್ಣಗೆ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?" ಎಂದು ಸಹಿ ಹಾಕಿದರು.

ಪೇಟೆಯ ದೊಡ್ಡ ಅಂಗಡಿಯಲ್ಲಿ ಗಾಜಿನ ಬಾಗಿಲು ತಾನಾಗಿಯೇ ತೆರೆಯಿತು. ಅಲ್ಲಿನ ಹುಡುಗಿ ಒಂದು ಜಾಕೆಟ್ಟು ಹಿಡಿದು, "ಸಾರ್, ಇದು ಉಸಿರಾಡೋ ಬಟ್ಟೆ," ಎಂದಳು. ಗುರುತಪ್ಪನವರು ಬೆಲೆಯ ಚೀಟಿ ತಿರುಗಿಸಿ ನೋಡಿದರು. ಬಟ್ಟೆ ಉಸಿರಾಡುತ್ತಲೇ ಇತ್ತು, ಇವರ ಉಸಿರು ನಿಂತಿತು. ಗಾಜಿನ ಬಾಗಿಲು ಮತ್ತೆ ತಾನಾಗಿಯೇ ತೆರೆದು ಅವರನ್ನು ಹೊರಗೆ ಬಿಟ್ಟಿತು.

ಆರನೆಯ ಅಂಗಡಿ ಒಂದು ಓಣಿಯ ತುದಿಯಲ್ಲಿತ್ತು. ಕಾರ್ಖಾನೆಯಲ್ಲಿ ಚೂರುಪಾರು ಕೆಟ್ಟು ತಿರಸ್ಕೃತವಾದ ಮಾಲೆಲ್ಲ ಅಲ್ಲಿಗೆ ಬರುತ್ತಿತ್ತು. ಹಸಿರು ಬ್ಯಾಗಿಗೆ ಮೂರು ಕಪ್ಪು ಬಕಲು, ನಾಲ್ಕನೆಯದು ಕೆಂಪು. ಜಾಕೆಟ್ಟಿನ ಜೇಬು ತಲೆಕೆಳಗಾಗಿತ್ತು. ಬೂಟು ಗಟ್ಟಿಯಾಗಿಯೇ ಇತ್ತು, ಆದರೆ ಒಂದರ ಲೇಸು ಹಳದಿ, ಇನ್ನೊಂದರದು ಕಂದು. ಟಾರ್ಚಿಗೆ ಎರಡು ಪೆಟ್ಟು ಕೊಟ್ಟರೆ ಹೊತ್ತಿಕೊಳ್ಳುತ್ತಿತ್ತು. ಒಂದೊಂದು ಊನಕ್ಕೂ ಗುರುತಪ್ಪನವರು ಒಂದೊಂದು ಸಲ ಬೆಲೆ ಇಳಿಸಿದರು.

"ಜಾಕೆಟ್ಟಿಗೆ ನೀರು ಇಳಿಯಲ್ಲ ತಾನೇ?"

"ನೀವೇ ಹಾಕ್ಕೊಳ್ಳಿ ಸಾರ್," ಎಂದ ಅಂಗಡಿಯವನು ಅವರಿಗೆ ಜಾಕೆಟ್ಟು ತೊಡಿಸಿ ಒಂದು ತಂಬಿಗೆ ನೀರು ಸುರಿದೇಬಿಟ್ಟ. ಒಂದು ಹನಿಯೂ ಒಳಗೆ ಹೋಗಲಿಲ್ಲ. ಅಷ್ಟೂ ನೀರು ಸಲೀಸಾಗಿ ಇಳಿದು ಅವರ ಎರಡೂ ಶೂಗಳಲ್ಲಿ ತುಂಬಿತು. ಪರೀಕ್ಷೆ ಪಾಸಾಯಿತೆಂದು ಅವರು ತಲೆಯಾಡಿಸಿದರು.

"ಬಿಲ್ಲು ಬೇಕಂದ್ರೆ ತೆರಿಗೆ ಸೇರುತ್ತೆ. ಬೇಡಾಂದ್ರೆ ಇಷ್ಟೇ," ಎಂದ ಅಂಗಡಿಯವನು.

"ಬಿಲ್ಲು ಯಾರಿಗೆ ಬೇಕು ಬಿಡಿ!" ಎಂದರು ಇಪ್ಪತ್ತೆರಡು ವರ್ಷ ಊರಿಗೆಲ್ಲ ಬಿಲ್ಲು ಕೇಳಿದ ಗುರುತಪ್ಪನವರು.

ಮನೆಯ ಕಡೆ ಹೋಗುವ ಬಸ್ಸು ಅಲ್ಲಿಂದ ಮುಂದೆ ಡಿಪೋ ತನಕ ಹೋಗುತ್ತಿತ್ತು. ಕಿಟಕಿಯ ಪಕ್ಕ ಒಬ್ಬ ಕೂತಿದ್ದ. ಗುರುತಪ್ಪನವರು ಬ್ಯಾಗನ್ನು ಇಬ್ಬರ ನಡುವೆ ನಿಲ್ಲಿಸಿ, ಅದರ ತಲೆ ಸವರುತ್ತ ಕೂತರು. ಇಂಥ ವ್ಯಾಪಾರ ಮಾಡಿ ಬಾಯಿ ಮುಚ್ಚಿಕೊಂಡಿರುವುದು ಯಾವ ಮನುಷ್ಯನಿಂದಲೂ ಸಾಧ್ಯವಿಲ್ಲ.

"ಇದಕ್ಕೆಲ್ಲಾ ಎಷ್ಟು ಕೊಟ್ಟಿರಬಹುದು ಹೇಳಿ ನೋಡೋಣ?"

"ಚಾರಣದ ಸಾಮಾನಾ? ತುಂಬಾನೇ ಆಗಿರ್ಬೇಕು," ಎಂದ ಪಕ್ಕದವನು. ದನಿ ಎಲ್ಲೋ ಕೇಳಿದಂತಿತ್ತು. ಆದರೆ ದಿನಕ್ಕೆ ಐವತ್ತು ದನಿ ಕೇಳುವವರಿಗೆ ಎಲ್ಲ ದನಿಯೂ ಹಾಗೇ.

"ದೊಡ್ಡ ಅಂಗಡೀಲಿ ಬರೀ ಜಾಕೆಟ್ಟಿಗೆ ಹೇಳಿದ್ರಲ್ಲ, ಅದರ ಅರ್ಧ ದುಡ್ಡಲ್ಲಿ ಇಷ್ಟೂ ಬಂತು! ಬಿಲ್ಲಿಲ್ಲ, ಗಿಲ್ಲಿಲ್ಲ. ಕೇಳಿ, ಈ ಒಂದು ಬಕಲು ಕೆಂಪಲ್ವಾ, ಅದಕ್ಕೆ ಇಪ್ಪತ್ತರಲ್ಲಿ ಒಂದು ಪಾಲು ಕಡಿಮೆ. ಜೇಬು ತಲೆಕೆಳಗು, ಅದಕ್ಕೂ ಅಷ್ಟೇ." ಅವರು ಬೆರಳು ಮಡಚುತ್ತ ಹೋದರು. ಲೇಸು, ಟಾರ್ಚು, ಜಾಕೆಟ್ಟಿನ ಟೋಪಿಗೆ ಒಂದೇ ಕಡೆ ದಾರ, ಕಿತ್ತಳೆ ಬಾಟಲಿಗೆ ನೀಲಿ ಮುಚ್ಚಳ, ಮಲಗುವ ಚೀಲದ್ದೇ ಇನ್ನೂ ನಾಲ್ಕು. ಎರಡೂ ಕೈಯ ಬೆರಳು ಮುಗಿದವು.

"ಹತ್ತಾಯ್ತು," ಎಂದ ಪಕ್ಕದವನು ಮೆಲ್ಲಗೆ.

"ನಿಮಗೂ ಬೇಕಾದ್ರೆ ಮನೆಗೆ ಬನ್ನಿ, ಅಂಗಡಿ ದಾರಿ ಬರೆದುಕೊಡ್ತೀನಿ. ನೀರಿನ ಟ್ಯಾಂಕಿನ ಹಿಂದೆ, ಮೂರನೇ ಮನೆ." ಹೊರಗೆ ನೋಡಿದರೆ ನೀರಿನ ಟ್ಯಾಂಕು ಹಿಂದಕ್ಕೆ ಓಡುತ್ತಿತ್ತು. "ಏಯ್, ನಿಲ್ಸಿ, ನಿಲ್ಸಿ!" ಎಂದು ಕಿರುಚಿ, ಇಬ್ಬರ ಕಾಲು ತುಳಿದು, ಗುರುತಪ್ಪನವರು ಚಲಿಸುವ ಬಸ್ಸಿನಿಂದ ಧುಮುಕಿದರು.

ಮನೆಯ ತಿರುವಿಗೆ ಬಂದಾಗ ಕೈ ಬೀಸಿಕೊಂಡು ನಡೆಯುತ್ತಿದ್ದೇನೆಂಬುದು ಅವರಿಗೆ ಹೊಳೆಯಿತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿ, "ಅಯ್ಯೋ, ಕಳೆದುಹೋದ್ರೆ ನಿಮಗೇನ್ರೀ ಚಿಂತೆ? ನಿಮ್ಮದೇ ಆಫೀಸಿದೆಯಲ್ಲ!" ಎಂದರು. ಗುರುತಪ್ಪನವರು ಆಟೋ ಹಿಡಿದರು. ದಾರಿಯಲ್ಲಿ ಒಂದು ಬಸ್ಸು ಕೆಟ್ಟು ನಿಂತು, ಹಿಂದೆ ಗಾಡಿಗಳೆಲ್ಲ ಸಾಲುಗಟ್ಟಿದ್ದವು. ಆಟೋದ ಮೀಟರು ಮಾತ್ರ ನಿಲ್ಲಲಿಲ್ಲ, ತಲೆಕೆಳಗಾದ ಜೇಬಿನ ನೆಪದಲ್ಲಿ ಉಳಿಸಿದ್ದನ್ನೆಲ್ಲ ಅದು ನುಂಗಿತು.

ಡಿಪೋದಲ್ಲಿ ಸಂಜೆ ಪಾಳಿಯ ಗುಮಾಸ್ತೆ ಕೂತಿದ್ದಳು. ಆಕೆಗೆ ಕೆಲಸ ಕಲಿಸಿದವರು ಇವರೇ. ಒಂಬತ್ತು ಗುರುತಿಗೇ ಒಂದು ಕೊಡೆ ಕೊಟ್ಟಿದ್ದಕ್ಕೆ ಹೋದ ತಿಂಗಳು ಆಕೆಗೆ ಮೆಮೋ ಕೊಡಿಸಿದವರೂ ಇವರೇ.

"ಹಸಿರು ಬ್ಯಾಗಮ್ಮಾ! ಒಂದು ಕೆಂಪು ಬಕಲು!"

"ಬಂದಿತ್ತು ಸಾರ್. ಕಂಡಕ್ಟರ್ ತಂದುಕೊಟ್ರು. ಆಗಲೇ ಒಬ್ರು ತಗೊಂಡು ಹೋದ್ರು."

"ಒಬ್ರಾ? ಯಾರವರು?"

"ಅವರು ಮೊದಲು ಆ ನೀಲಿ ಬ್ಯಾಗಿನ ಗುರುತು ಹೇಳಿದ್ರು, ಎಂಟು ಬಂತು. ಆಗಲ್ಲ ಅಂದೆ. ಬೆಂಚಿನ ಮೇಲೆ ಕೂತು ಸ್ವಲ್ಪ ಯೋಚನೆ ಮಾಡಿದ್ರು. ಆಮೇಲೆ ಎದ್ದು ಬಂದು ಹಸಿರು ಬ್ಯಾಗಿಂದು ಹೇಳಿದ್ರು ನೋಡಿ, ಹತ್ತಕ್ಕೆ ಹತ್ತು! ಟಾರ್ಚಿಗೆ ಎರಡು ಪೆಟ್ಟು ಕೊಡ್ಬೇಕು ಅನ್ನೋದೂ ಗೊತ್ತಿತ್ತು ಸಾರ್."

"ಅದು ನಂದು ಕಣಮ್ಮಾ! ಅವನದಾ ಅಂತ ಕೇಳ್ಲಿಲ್ವಾ?"

"ಅದಕ್ಕೆ ಕಾಲಂ ಇಲ್ವಲ್ಲ ಸಾರ್."

ಗುರುತಪ್ಪನವರು ರಿಜಿಸ್ಟರ್ ಎಳೆದುಕೊಂಡರು. ಸಹಿಯ ಜಾಗದಲ್ಲಿ ಇರುವೆ ಶಾಯಿ ಮೆಟ್ಟಿ ಓಡಿದಂಥ ಗೆರೆ. "ನೋಡೋಕೆ ಹೇಗಿದ್ದ?"

"ಮುಖ ನೋಡ್ಬಾರದು ಅಂತ ನೀವೇ ಹೇಳಿದ್ರಿ. ನೀವೂ ನೋಡಿರ್ಬೇಕಲ್ಲ ಸಾರ್, ಬೆಳಿಗ್ಗೇನೂ ಬಂದಿದ್ರಂತೆ."

ಬೆಳಿಗ್ಗೆ ಕೌಂಟರಿನಲ್ಲಿ ಒಂದು ಸಲ, ಬಸ್ಸಿನಲ್ಲಿ ಅರ್ಧ ಗಂಟೆ. ಗುರುತಪ್ಪನವರಿಗೆ ಕೌಂಟರಿನ ಮೇಲಿದ್ದ ಎರಡು ಕೈಗಳು ನೆನಪಾದವು, ಅಷ್ಟೇ. ಹುಬ್ಬಿಲ್ಲ, ಮೂಗಿಲ್ಲ, ಮೀಸೆ ಇತ್ತೋ ಇಲ್ಲವೋ ಅದೂ ಇಲ್ಲ. ಸಿಟ್ಟು ಮಾತ್ರ ಕುದಿಯಿತು. ಕಳ್ಳ! ಪಕ್ಕದಲ್ಲೇ ಕೂತು, ನಗುನಗುತ್ತಾ, ಬೆರಳು ಎಣಿಸಿಕೊಂಡು ಹೋದ ಕಳ್ಳ!

ಕಿಟಕಿಯಲ್ಲಿ ಟಾಟಾ ಮಾಡುವ ಕೈಗಳೆಲ್ಲ ಕಣ್ಣ ಮುಂದೆ ಬಂದವು. ಆಗ ಕಪಾಟಿನಲ್ಲಿದ್ದ ನೀಲಿ ಬ್ಯಾಗು ಕಾಣಿಸಿತು. ಅವನು ನನ್ನದು ಹೊತ್ತೊಯ್ದ, ನಾನು ಅವನದು ಹೊತ್ತೊಯ್ಯುತ್ತೇನೆ, ಇದರಲ್ಲಿ ತಪ್ಪೇನು? ಬೆಳಿಗ್ಗೆ ಆ ಬ್ಯಾಗಿನ ಗುರುತನ್ನೆಲ್ಲ ರಿಜಿಸ್ಟರಿಗೆ ಬರೆದದ್ದು ಅವರ ಕೈಯೇ. ಅವರು ಗಂಟಲು ಸರಿಮಾಡಿಕೊಂಡು ಕೌಂಟರಿನ ಈಚೆಗೆ ಬಂದು ನಿಂತರು. "ಬರ್ಕೋಮ್ಮಾ. ಒಳಜೇಬು ಮೂರು. ಲೇಸಿನ ತೂತು ಒಂದೊಂದಕ್ಕೆ ಹದಿನಾರು..."

ಆಕೆ ಒಂದೊಂದಕ್ಕೂ ಗೀಟು ಹಾಕಿದಳು. ಹತ್ತಾದಾಗ, ತಲೆಯೆತ್ತದೆ, ರಿಜಿಸ್ಟರನ್ನು ಅವರ ಕಡೆ ತಿರುಗಿಸಿದಳು. ಗುರುತಪ್ಪನವರು ಜನ್ಮದಲ್ಲಿ ಮೊದಲ ಬಾರಿಗೆ ಯಾರಿಗೂ ಓದಲಾಗದ ಹಾಗೆ ಸಹಿ ಹಾಕಿದರು.

ಅವರು ಮನೆ ತಲುಪಿದಾಗ ಗಡಿಯಾರ ಏಳೂವರೆ ತೋರಿಸುತ್ತಿತ್ತು. ಬಾಗಿಲು ತೆರೆದ ಮಗಳು ಅಪ್ಪನ ಕೊರಳಿಗೇ ಜೋತುಬಿದ್ದಳು. "ಅಪ್ಪಾ! ಎಷ್ಟು ಸರಿಯಾಗಿ ಕೂತಿದೆ ನೋಡು!"

ಗುರುತಪ್ಪನವರು ಅವಳ ಕಾಲು ನೋಡಿದರು. ಒಂದು ಬೂಟಿಗೆ ಹಳದಿ ಲೇಸು, ಇನ್ನೊಂದಕ್ಕೆ ಕಂದು.

"ಇದು... ಇದು ಹೇಗೆ ಬಂತು?"

"ಒಬ್ರು ಅಂಕಲ್ ತಂದುಕೊಟ್ರಪ್ಪಾ. ನೀನು ಬಸ್ಸಲ್ಲಿ ಬಿಟ್ಟಿದ್ಯಂತೆ, ಕಂಡಕ್ಟರ್ ಅದನ್ನ ಡಿಪೋಗೆ ಸೇರಿಸಿದ್ರಂತೆ. 'ನಿಮ್ಮಪ್ಪ ಬರೋ ಹೊತ್ತಿಗೆ ಆಫೀಸು ಮುಚ್ಚಿದ್ರೆ ನೀನು ಬೆಳಿಗ್ಗೆ ಹೊರಡೋದು ಹೇಗಮ್ಮಾ? ಪಾಪ, ಅವರ ಹತ್ರ ಬಿಲ್ಲೂ ಇಲ್ಲ. ಅದಕ್ಕೇ ನಾನೇ ಗುರುತು ಹೇಳಿ ಬಿಡಿಸ್ಕೊಂಡು ಬಂದೆ' ಅಂದ್ರು. ಎಷ್ಟು ಒಳ್ಳೇವ್ರು ಅಲ್ವಾ?"

"ಈಗೆಲ್ಲಿ ಅವರು?"

"ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. ಅವರ ಹೆಂಡ್ತಿ ಅಂಗಡಿಗೆ ಹೋಗಿ ಬಿಲ್ಲಿನ ಇನ್ನೊಂದು ಪ್ರತಿ ಬರೆಸ್ಕೊಂಡು ನೇರ ಡಿಪೋಗೆ ಬರ್ತಿದ್ದಾರಂತೆ. ಎಂಟಕ್ಕೆ ಬಾಗಿಲು ಹಾಕೋದ್ರೊಳಗೆ ಮಗನ ನೀಲಿ ಬ್ಯಾಗು ಬಿಡಿಸ್ಕೋಬೇಕು ಅಂತ ಓಡಿದ್ರು." ಅವಳ ಕಣ್ಣು ಅಪ್ಪನ ಹೆಗಲ ಮೇಲೆ ಬಿತ್ತು. "ಅಪ್ಪಾ, ಅದ್ಯಾರ ಬ್ಯಾಗು?"

ಬಾಯಿ ಬಿಟ್ಟರೆ ಬಣ್ಣಗೇಡು. ಗುರುತಪ್ಪನವರು ಮಗಳ ಮುಖ ನೋಡಲಾರದೆ, ತಲೆ ತಗ್ಗಿಸಿ, ಅವಳ ಬೂಟಿನ ತೂತು ಎಣಿಸತೊಡಗಿದರು.