ದವಡೆ ಹಲ್ಲಿನ ವೈರಾಗ್ಯ

ಮೋಟಾರಿನವನ ಎಡಗಡೆಯ ಕೊನೆಯ ದವಡೆ ಹಲ್ಲು ಹಿಂದಿನ ವಾರವೇ ಎಚ್ಚರಿಕೆ ಕೊಟ್ಟಿತ್ತು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರ ಮನೆಯ ನೀರಿನ ಮೋಟಾರು ಸಣ್ಣಗೆ ಗುಂಯ್ ಅಂದರೂ ಒಳಗೆ ತಂತಿ ಸುಟ್ಟಿದೆಯೋ, ಬೇರಿಂಗ್ ಸವೆದಿದೆಯೋ ಎಂದು ನಿಂತಲ್ಲೇ ಹೇಳಬಲ್ಲವನು, ತನ್ನ ಬಾಯೊಳಗಿನ ಸದ್ದಿಗೆ ಮಾತ್ರ ಕಿವುಡನಾಗಿಬಿಟ್ಟಿದ್ದ. ಬುಧವಾರ ಬೆಳಿಗ್ಗೆ ಏಳುವಷ್ಟರಲ್ಲಿ ಕೆನ್ನೆ ಗಾಳಿ ತುಂಬಿದ ಚೆಂಡಾಗಿತ್ತು. ತುಟಿ ಒಂದು ಕಡೆ ಮೇಲಕ್ಕೆ ಎಳೆದುಕೊಂಡಿತ್ತು. ಚಮಚ ತೂರಿಸುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಅವನ ಹೆಂಡತಿ ಹೊರಡುವ ಅವಸರದಲ್ಲೇ ಅವನ ಹಣೆ ಮುಟ್ಟಿ ನೋಡಿದಳು.

"ರೀ, ಕೇಳಿಸ್ಕೊಳ್ಳಿ. ಹಲ್ಲಿನ ಡಾಕ್ಟರು ಈ ಬೀದಿಗೆ ಬರೋದು ಬುಧವಾರ ಒಂದೇ ದಿನ. ಮಧ್ಯಾಹ್ನ ಬಾಗಿಲು ತೆಗೀತಾರೆ, ಸಂಜೆ ಬೆಳಕಿರೋವಾಗ್ಲೇ ಶಟರ್ ಎಳೆದು ಹೊರಟುಬಿಡ್ತಾರೆ. ತಪ್ಪಿಸ್ಕೊಂಡ್ರೆ ಇನ್ನೊಂದು ವಾರ. ಈ ಹಲ್ಲಿಟ್ಕೊಂಡು ಇನ್ನೊಂದು ವಾರ ನೀವೂ ಉಳಿಯಲ್ಲ, ನಿಮ್ಮ ನರಳಾಟ ಕೇಳಿ ನಾನೂ ಉಳಿಯಲ್ಲ. ಹೋಗ್ತೀರಿ ತಾನೇ?"

"ಮ್‌ಮ್," ಅಂದ ಮೋಟಾರಿನವ.

ಹೆಂಡತಿ ಹೋದ ಮೇಲೆ ಅಂಗಡಿ ತೆರೆಯೋಣವೆಂದು ಮೆಟ್ಟಿಲಿಳಿಯತೊಡಗಿದ. ಅರ್ಧ ಇಳಿಯುವಷ್ಟರಲ್ಲಿ ದವಡೆಯಿಂದ ಕಿವಿಯವರೆಗೆ ಕಾದ ಸೂಜಿ ಚುಚ್ಚಿದಂತಾಯಿತು. ಅಲ್ಲೇ ಕುಸಿದು, ತಣ್ಣನೆಯ ಗೋಡೆಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯಿತು.

ಅವನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಕೆಳಗಿನ ಮನೆಯ ಮೇಷ್ಟ್ರು ಬಾಗಿಲು ತೆರೆದರು.

ಮೇಷ್ಟ್ರು ನಿವೃತ್ತರಾಗುವವರೆಗೆ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಈಗ ಪ್ರತಿ ಬುಧವಾರ ತಮ್ಮ ಮನೆಯ ಹಜಾರದಲ್ಲಿ ಅಕ್ಕಪಕ್ಕದವರನ್ನು ಕೂಡಿಸಿ ಭಕ್ತಿಮಾರ್ಗದ ಪದಗಳ ಪಾಠ ಹೇಳುತ್ತಿದ್ದರು. ವಾರಕ್ಕೊಂದು ಪದ. ಹಳೆಯ ಅಭ್ಯಾಸ ಬಿಡದೆ ವೈರಾಗ್ಯಕ್ಕೆ ಮರುಭೂಮಿಯ ಚಿತ್ರ ಬರೆಯುತ್ತಿದ್ದರು, ಅನುಗ್ರಹಕ್ಕೆ ಮೋಡದ ಚಿತ್ರ. ಭಗವಂತನನ್ನು ಅಗಲಿದ ಜೀವದ ಸಂಕಟವಾದ ವಿರಹವನ್ನು, "ಸಮುದ್ರ ಕಾಣದೆ ಒದ್ದಾಡುವ ನದಿ" ಎಂದು ನೀಲಿ ಸೀಮೆಸುಣ್ಣದಲ್ಲಿ ತೋರಿಸಿದ್ದರು. ಶಿಷ್ಯರಿಗೆ ಪದಗಳೆಲ್ಲ ಬಾಯಿಪಾಠವಾಗಿದ್ದವು. ಉದಾಹರಣೆ ಮಾತ್ರ ಒಂದೂ ಸಿಕ್ಕಿರಲಿಲ್ಲ. ಹಿಂದಿನ ವಾರ ಎದುರುಮನೆಯ ಹೊಲಿಗೆಯಕ್ಕ ಕೇಳಿಯೇಬಿಟ್ಟಿದ್ದಳು: "ಎಲ್ಲಾ ಸರಿ ಮೇಷ್ಟ್ರೇ, ಇಂಥವರನ್ನ ಒಂದ್ಸಲ ಕಣ್ಣಿಗೆ ತೋರಿಸಿ. ಮಾದರಿ ನೋಡದೆ ಬಟ್ಟೆ ಕತ್ತರಿಸೋದು ಹೇಗೆ?" ಆ ಮಾತು ಮೇಷ್ಟ್ರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಈಗ ಮೆಟ್ಟಿಲ ಮೇಲೆ ಕಂಡದ್ದನ್ನು ನೋಡಿ ಅವರ ಕೈಯಲ್ಲಿದ್ದ ಪೇಪರು ಜಾರಿತು.

"ಏನೋ ಮೋಟಾರು, ಯಾಕೋ ಇಲ್ಲಿ ಕೂತೆ?"

ಮೋಟಾರಿನವ ಕೆನ್ನೆಯನ್ನು ಗೋಡೆಗೆ ಇನ್ನಷ್ಟು ಒತ್ತಿದ. ಕಣ್ಣೀರು ಹರಿಯುತ್ತಲೇ ಇತ್ತು.

"ತಿಂಡಿ ಆಯ್ತೇನೋ?"

ತಿಂಡಿಯ ಹೆಸರು ಕೇಳಿದ್ದೇ ಮೋಟಾರಿನವ ಮುಖ ಕಿವುಚಿದ. ಬೇಡವೇ ಬೇಡ ಎಂದು ಕೈಯಾಡಿಸಿದ.

"ನಿನ್ನೆ?"

ಮತ್ತೆ ಕೈಯಾಡಿಸಿದ.

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ದನಿ ತಗ್ಗಿತು. "ಮೌನ. ಆಹಾರ ಬಿಟ್ಟಾಗಿದೆ. ಕಣ್ಣಲ್ಲಿ ನೀರು, ತುಟೀಲಿ ಮಂದಹಾಸ. ಇಷ್ಟು ದಿನ ನಮ್ಮ ತಲೆ ಮೇಲೇ ಇದ್ದು... ತಮ್ಮನ್ನ ಗುರುತಿಸಲಿಲ್ಲ. ಕ್ಷಮಿಸಬೇಕು."

ಹತ್ತು ವರ್ಷದಿಂದ 'ಏನೋ' ಎನ್ನುತ್ತಿದ್ದ ಮನುಷ್ಯ 'ತಾವು' ಅಂದದ್ದು ಕೇಳಿ ಮೋಟಾರಿನವನಿಗೆ ಹಲ್ಲಿಗಿಂತ ಜೋರಾಗಿ ಎದೆ ಹೊಡೆದುಕೊಂಡಿತು. ಕೆನ್ನೆಯನ್ನು ಕೈಯಲ್ಲಿ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ, ಹಲ್ಲುಗಳ ಸಂದಿಯಿಂದ ಹೇಳಿದ: "ಹಲ್ಲುನೋವು ಮೇಷ್ಟ್ರೇ."

ಮೇಷ್ಟ್ರು ಕೈ ಮುಗಿದರು. "ಗೊತ್ತು, ಗೊತ್ತು. ದೊಡ್ಡವರು ಹೀಗೇ ಏನೋ ಒಂದು ಹೇಳಿ ಮರೆಮಾಚ್ತಾರೆ."

ಅವನು ಗೋಡೆ ಹಿಡಿದುಕೊಂಡು ಬೀದಿಗೆ ಬರುವಷ್ಟರಲ್ಲಿ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಅವನಿಗಿಂತ ಮುಂದೆ ಹೋಗಿತ್ತು. ಅಂಗಡಿ ಬಾಗಿಲು ತೆರೆದು, ಬಿಚ್ಚಿಟ್ಟ ಮೋಟಾರುಗಳ ನಡುವೆ ಸ್ಟೂಲಿನ ಮೇಲೆ ಕೂತ. ತಾಮ್ರದ ತಂತಿ ಸುತ್ತುವ ಯಂತ್ರದ ಹಿಡಿ ಒಂದು ಸುತ್ತು ತಿರುಗಿಸಿದರೆ ದವಡೆ ಎರಡು ಸುತ್ತು ತಿರುಗುತ್ತಿತ್ತು. ಹಿಡಿ ಬಿಟ್ಟು ಸುಮ್ಮನೆ ಕೂತ. ಬಾಗಿಲಲ್ಲಿ ನಿಂತವರು ಪಿಸುಗುಟ್ಟಿದರು.

"ನೋಡ್ರೀ, ಕೆಲಸದ ಮುಂದೇ ಕೂತಿದ್ದಾರೆ, ಕೆಲಸ ಮಾತ್ರ ಅಂಟ್ತಾ ಇಲ್ಲ."

"ಸಾಕ್ಷಿಭಾವ ಅಂದ್ರೆ ಅದೇ ಕಣೇ. ಎಲ್ಲ ನೋಡ್ತಾ ಇರೋದು, ಯಾವುದಕ್ಕೂ ಕೈ ಹಾಕದೇ ಇರೋದು," ಅಂದಳು ಹೊಲಿಗೆಯಕ್ಕ.

"ನನ್ನ ಮೋಟಾರು ಕೊಟ್ಟು ತಿಂಗಳಾಯ್ತು. ಆಗಿನಿಂದ್ಲೂ ಸಾಕ್ಷಿಭಾವದಲ್ಲೇ ಇದ್ರು ಅನ್ಸುತ್ತೆ," ಎಂದು ಯಾರೋ ಭಕ್ತಿಯಿಂದ ನಿಟ್ಟುಸಿರಿಟ್ಟರು.

ಡಾಕ್ಟರು ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಒಂದು ನೋವಿನ ಮಾತ್ರೆಯಾದರೂ ನುಂಗೋಣವೆಂದು ಎದ್ದು ಔಷಧದಂಗಡಿಗೆ ನಡೆದ. ಹಿಂದೆ ಒಂದು ಸಣ್ಣ ಮೆರವಣಿಗೆಯೇ ನಡೆಯಿತು. ಔಷಧದಂಗಡಿಯವರು ಬುಧವಾರದ ಪಾಠವನ್ನು ಒಮ್ಮೆಯೂ ತಪ್ಪಿಸದವರು. ಮೋಟಾರಿನವ ಕೌಂಟರಿನ ಮೇಲೆ ಬಿದ್ದಿದ್ದ ರಟ್ಟಿನ ತುಂಡಿನ ಮೇಲೆ ದೊಡ್ಡದಾಗಿ 'ನೋವಿನ ಮಾತ್ರೆ' ಎಂದು ಬರೆದು ತೋರಿಸಿದ.

ಅವರು ಕಪಾಟಿಗೆ ಕೈ ಹಾಕಿದರು, ತಡೆದರು, ಕೈ ಹಿಂದಕ್ಕೆ ತೆಗೆದರು. ಅವರ ಕಣ್ಣೂ ತುಂಬಿತ್ತು.

"ಅಣ್ಣಾ, ನನ್ನ ಪರೀಕ್ಷೆ ಮಾಡ್ತಾ ಇದ್ದೀರಿ. ಇದು ಮಾತ್ರೆಗೆ ಹೋಗೋ ನೋವಾ? ಕಂಡವರ ನೋವೆಲ್ಲ ಕಳೆದು ಕಳೆದು ಯಾವ ಸುಖ ಕಂಡೆ? ನಿಮ್ಮ ವಿರಹಾನ ಒಂದು ಚೂರು ಮಾತ್ರೇಲಿ ಇಳಿಸಿ ಆ ಪಾಪ ಎಲ್ಲಿ ತೊಳ್ಕೊಳ್ಳಲಿ? ಆಗಲ್ಲಣ್ಣಾ, ಕೈ ಬರಲ್ಲ."

ಮೋಟಾರಿನವ ಕೌಂಟರಿಗೆ ಹಣೆ ಚಚ್ಚಿಕೊಂಡ. ಹಿಂದಿದ್ದವರು ಅದನ್ನು ನಮಸ್ಕಾರವೆಂದು ತಿಳಿದು ತಾವೂ ತಲೆಬಾಗಿದರು.

ಅಂತೂ ಮಧ್ಯಾಹ್ನವಾಯಿತು. ಬೀದಿಯ ಕೊನೆಯಲ್ಲಿ ಹಲ್ಲಿನ ಡಾಕ್ಟರ ಶಟರ್ ಎದ್ದ ಸದ್ದು ಅವನಿಗೆ ಹಸಿದ ಕೂಸಿಗೆ ಬಟ್ಟಲಿನ ಸದ್ದಿನಂತೆ ಕೇಳಿಸಿತು. ಓಡಿದ. ಮೇಷ್ಟ್ರ ಮನೆಯನ್ನು ದಾಟಿಯೇ ಹೋಗಬೇಕಿತ್ತು. ಹೊಲಿಗೆಯಕ್ಕ ಕೈಯಗಲಿಸಿ ನಿಂತಿದ್ದಳು.

"ಒಂದೇ ನಿಮಿಷ ಬನ್ನಿ ಅಣ್ಣಾ! ಪಾಠ ಶುರುವಾಗಿದೆ. ನೀವೇನೂ ಮಾತಾಡೋದು ಬೇಡ, ಸುಮ್ನೆ ಕೂತಿದ್ರೆ ಸಾಕು."

ಅವನು ಬೀದಿಯ ಕೊನೆಯತ್ತ ಬೆರಳು ಚಾಚಿ ಕೊಸರಾಡಿದ. "ಜನ ಕಂಡ್ರೆ ಓಡ್ತಾರೆ ನೋಡಿ, ಏಕಾಂತ ಬೇಕು ಅವರಿಗೆ," ಎಂದು ಔಷಧದಂಗಡಿಯವರು ಅವನ ರಟ್ಟೆ ಹಿಡಿದರು. ಏಕಾಂತ ಬೇಕಾದವನನ್ನು ನಲವತ್ತು ಜನರ ನಡುವೆ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಹಾಕಿದರು.

ಮೇಷ್ಟ್ರು ಇವತ್ತು ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ನಕ್ಷೆ ತೋರಿಸುವ ಉದ್ದನೆಯ ಕೋಲು ಹಿಡಿದು ಮೋಟಾರಿನವನ ಪಕ್ಕದಲ್ಲಿ ನಿಂತರು.

"ಗಮನಿಸಿ. ಇಲ್ಲಿ, ಕಣ್ಣಿನ ತುದಿ. ಇದು ವಿರಹದ ಉಗಮಸ್ಥಾನ. ಇಲ್ಲಿಂದ ಹೊರಟ ಧಾರೆ ಮೂಗಿನ ಪಕ್ಕದಲ್ಲಿ ಹರಿದು ಗಲ್ಲ ಸೇರುತ್ತೆ. ಕುತ್ತಿಗೆ ನೋಡಿ, ಊಟವಿಲ್ಲದೆ ಒಣಗಿದೆ. ಯಾವುದು?"

"ವೈರಾಗ್ಯ!" ಎಂದಿತು ಹಜಾರ.

"ಭೇಷ್. ಈಗ ಮುಖ್ಯವಾದದ್ದು. ಎಡಗೆನ್ನೆಯ ಈ ಪ್ರಸ್ಥಭೂಮಿ. ಒಳಗಿನ ಶಕ್ತಿ ಮೇಲಕ್ಕೇರುವಾಗ ದಾರಿಯಲ್ಲಿ ತಂಗೋ ಜಾಗ ಇದು." ಇಷ್ಟು ಹೇಳಿ, ಶಾಲೆಯಲ್ಲಿ ಪರ್ವತಗಳನ್ನು ತೋರಿಸುತ್ತಿದ್ದ ಉತ್ಸಾಹದಲ್ಲೇ ಕೋಲಿನ ತುದಿಯಿಂದ ಕೆನ್ನೆಯನ್ನು ಟಕ್ಕನೆ ಕುಟ್ಟಿದರು.

ಮೋಟಾರಿನವನ ಬಾಯಿಂದ ಹೊರಟ ಕೂಗಿಗೆ ಕಿಟಕಿ ಗಾಜು ನಡುಗಿತು. ಅವನು ಕುರ್ಚಿಯಿಂದ ಚಿಮ್ಮಿ, ಒಂದೇ ಕಾಲಿನಲ್ಲಿ ಹಜಾರದ ತುಂಬ ಕುಣಿದು, ಗೋಡೆಗೆ ಗುದ್ದಿ, ಹೊಲಿಗೆಯಕ್ಕನ ಮಡಿಲಲ್ಲಿದ್ದ ಚೀಲದ ಮೇಲೆ ಬಿದ್ದು, ಅಲ್ಲಿದ್ದ ಸೂಜಿ ಚುಚ್ಚಿ ಮತ್ತೆ ಚಿಮ್ಮಿದ.

"ಉನ್ಮಾದ!" ಮೇಷ್ಟ್ರು ಕೋಲೆತ್ತಿ ಕೂಗಿದರು. "ಮುಂದಿನ ತಿಂಗಳ ಪಾಠ ಇದು! ಭಕ್ತಿ ಮೈಮೇಲೆ ಬಂದು ಲೋಕದ ಪರಿವೆ ತಪ್ಪೋದು! ಇವತ್ತೇ ಕೊಟ್ಟುಬಿಟ್ರು!"

ಜನ ಎದ್ದು ನಿಂತರು. ಕೆಲವರು ಅತ್ತರು. ಕಿಟಕಿಯ ಹೊರಗೂ ತಲೆಗಳು ತುಂಬಿದ್ದವು. ಮೋಟಾರಿನವ ಬಾಗಿಲು ಬಡಿದ, ಸನ್ನೆ ಮಾಡಿದ, ಬಾಯಿಗೆ ಬಂದಂತೆ ಬೈದ. ಬೈಗುಳವೆಲ್ಲ ಊದಿದ ಕೆನ್ನೆಯೊಳಗೇ ಸುತ್ತಿ ಬರೀ 'ಊಂ' ಎಂಬ ನಾದವಾಗಿ ಹೊರಬಂತು. ಕಡೆಗೆ, ಹೊತ್ತು ಇಳಿಯುವಷ್ಟರಲ್ಲಿ, ಅವನಲ್ಲಿ ಏನೋ ಕಳಚಿಬಿತ್ತು. ಈ ಜನರಿಗೆ ತನ್ನ ನೋವು ಎಂದೂ ಅರ್ಥವಾಗುವುದಿಲ್ಲ, ಅಷ್ಟೇ. ಇಷ್ಟು ಜನ ತನ್ನನ್ನೇ ನೋಡುತ್ತಿದ್ದಾರೆ, ತಾನು ಮಾತ್ರ ಯಾರಿಗೂ ಕಾಣುತ್ತಿಲ್ಲ. ಎರಡೂ ಕೈ ಚೆಲ್ಲಿ ನೆಲದ ಮೇಲೆ ಮಲಗಿಬಿಟ್ಟ. ಏನು ಬೇಕಾದರೂ ಮಾಡಿಕೊಳ್ಳಿ ಎಂಬಂತೆ.

"ಶರಣಾಗತಿ," ಎಂದು ಮೇಷ್ಟ್ರು ಪಿಸುಗುಟ್ಟಿದರು.

ಆಗ ಯಾರೋ ಬಾಗಿಲನ್ನು ದಡದಡ ಬಡಿದು ತೆರೆಸಿದರು. ಕೆಲಸದಿಂದ ಬಂದ ಹೆಂಡತಿ, ಸೋಪಿನ ವಾಸನೆಯ ಕೈಯಲ್ಲಿ ಜನರನ್ನು ಸರಿಸುತ್ತ ಒಳನುಗ್ಗಿದಳು. ಹೊಲಿಗೆಯಕ್ಕ ಅವಳನ್ನು ತಬ್ಬಿಕೊಂಡಳು.

"ಧೈರ್ಯ ತಗೋ ತಂಗೀ. ಇನ್ಮೇಲೆ ಅವರು ನಿನ್ನೊಬ್ಬಳ ಸ್ವತ್ತಲ್ಲ."

"ಅಯ್ಯೋ ಬಿಡ್ರಕ್ಕಾ! ಅವರಿಗೆ ಹಲ್ಲುನೋವು!"

"ಪಾಪ, ಇನ್ನೂ ಸಂಸಾರದ ಕಣ್ಣಲ್ಲೇ ನೋಡ್ತಿದ್ದಾಳೆ," ಎಂದರು ಔಷಧದಂಗಡಿಯವರು.

"ನಿಮ್ಮ ಕಣ್ಣು ಹಾಳಾಗ! ಬೆಳಗಿಂದ ಒಂದು ಮಾತ್ರೆ ಕೊಟ್ಟಿದ್ದೀರಾ? ರೀ, ಏಳಿ ಮೇಲೆ. ಇನ್ನೂ ಬೆಳಕಿದೆ. ಡಾಕ್ಟರು ಹೋಗಿಲ್ಲ."

ಆ ಮಾತು ಅವನ ಕಾಲಿಗೆ ಜೀವ ಕೊಟ್ಟಿತು. ನಿದ್ದೆಗಣ್ಣಿನ ಮಗುವನ್ನು ಶಾಲೆಗೆ ಎಳೆದುಕೊಂಡು ಹೋಗುವಂತೆ ಅವಳು ಅವನ ಕೈ ಹಿಡಿದು ಬೀದಿಯುದ್ದಕ್ಕೂ ನಡೆಸಿದಳು. ನಲವತ್ತೂ ಜನ ಹಿಂದೆಯೇ ಬಂದರು. ಶಟರ್ ಅರ್ಧಕ್ಕಿಳಿದಿತ್ತು. ಇಬ್ಬರೂ ಬಗ್ಗಿ ಒಳಗೆ ತೂರಿದರು.

ಡಾಕ್ಟರು ಖಾಲಿ ಕೋಣೆಯ ಮಧ್ಯೆ ನಿಂತಿದ್ದರು. ಬಿಳಿ ಕೋಟು ಮೊಳೆಗೆ ನೇತಾಡುತ್ತಿತ್ತು. ಮೋಟಾರಿನವನನ್ನು ಕಂಡದ್ದೇ ಅವರ ಮುಖ ಬೆಳಗಿತು.

"ನೀವೇ ಬಂದ್ರಾ! ಮಧ್ಯಾಹ್ನದಿಂದ ಒಬ್ಬ ರೋಗಿಯೂ ಬರ್ಲಿಲ್ಲ. ಎಲ್ಲಿ ಹೋದ್ರು ಅಂತ ಹುಡುಕ್ಕೊಂಡು ಬಂದು, ಕಿಟಕಿ ಹೊರಗೆ ನಿಂತು ಎಲ್ಲಾ ನೋಡ್ದೆ."

"ಡಾಕ್ಟ್ರೇ, ಅದೆಲ್ಲ ಆಮೇಲೆ. ಮೊದ್ಲು ಅವರ ಬಾಯಿ ನೋಡಿ," ಅಂದಳು ಹೆಂಡತಿ.

ಡಾಕ್ಟರು ಟಾರ್ಚು ಹಿಡಿದರು. ಮೋಟಾರಿನವ ಕಣ್ಣಲ್ಲಿ ನೀರು ಸುರಿಸುತ್ತ, ದವಡೆ ಸೀಳಿಹೋದರೂ ಸರಿ ಎಂದು ಬಾಯಿ ತೆರೆದ. ಬಹಳ ಹೊತ್ತು ಒಳಗೆ ನೋಡಿದ ಡಾಕ್ಟರು ಮೆಲ್ಲಗೆ ತಲೆಯೆತ್ತಿದರು.

"ನಿಜ ತಾಯಿ. ಹಲ್ಲು ಬೇರಿನವರೆಗೆ ಕೊಳೆತಿದೆ. ಕೀವು ತುಂಬಿದೆ."

"ಕೇಳಿದ್ರಾ!" ಹೆಂಡತಿ ಶಟರಿನಾಚೆಗಿದ್ದ ಜನರ ಕಡೆ ತಿರುಗಿ ಕೂಗಿದಳು. "ಹಲ್ಲುನೋವು! ಬರೀ ಹಲ್ಲುನೋವು!"

ಬೀದಿಯಲ್ಲಿ ಗುಸುಗುಸು ಎದ್ದಿತು. ಬೆಳಗಿನಿಂದ ಮೊದಲ ಬಾರಿಗೆ ಮೋಟಾರಿನವನ ಎದೆ ಹಗುರವಾಯಿತು.

"ಇಂಥ ನೋವಿಗೆ ನನ್ನ ಹತ್ರ ಬಂದವರು ನೆಲದ ಮೇಲೆ ಹೊರಳಾಡಿದ್ದಾರೆ," ಎಂದು ಡಾಕ್ಟರು ಜನರಿಗೆ ಕೇಳುವಂತೆ ಹೇಳಿದರು. "ಈ ಮಹಾನುಭಾವರು ಇದನ್ನಿಟ್ಕೊಂಡು ಬೀದೀಲಿ ನಡೆದಾಡಿದ್ರು. ಅಂಗಡೀಲಿ ಕೂತ್ರು. ನಿಮ್ಮ ಮುಂದೆ ಕುಣಿದ್ರು! ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ನನ್ನ ಮುಖ ಕಂಡ್ರೆ ಮಕ್ಕಳು ಚೀರ್ತಾರೆ, ದೊಡ್ಡವರು ದೇವರನ್ನ ನೆನೀತಾರೆ. ಇನ್ನೊಬ್ಬರ ಬಾಯಿಗೆ ಕೈ ಹಾಕೋ ಈ ಬಾಳು ಸಾಕು ಅಂತ ಆ ಕಿಟಕಿ ಹತ್ರಾನೇ ಅನ್ನಿಸ್ತು. ಬಂದವನೇ ಇಕ್ಕಳ, ಸೂಜಿಮದ್ದು ಎಲ್ಲ ಕಟ್ಟಿ ಆಸ್ಪತ್ರೆಗೆ ಹೊರಟಿದ್ದ ಗಾಡೀಲಿ ಹಾಕಿ ಕಳಿಸಿದೆ. ಇನ್ಮೇಲೆ ಇಕ್ಕಳ ಮುಟ್ಟಲ್ಲ."

ಬೀದಿಯಲ್ಲಿ ನಲವತ್ತೂ ಜನ ಒಟ್ಟಿಗೆ ಕೈ ಮುಗಿದರು.

ಮೋಟಾರಿನವ ಹಲ್ಲು ಕೀಳುವ ಕುರ್ಚಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತುಬಿಟ್ಟ. ಹೆಂಡತಿ ಮಾತ್ರ ಇನ್ನೂ ಸೋತಿರಲಿಲ್ಲ.

"ಡಾಕ್ಟ್ರೇ, ನಿಮ್ಮ ದಮ್ಮಯ್ಯ. ನಿಮಗೆ ಬೇಡದಿದ್ರೆ ಬೇಡ. ಇಲ್ಲಿ ಹತ್ತಿರದಲ್ಲಿ ಹಲ್ಲು ಕೀಳೋರು ಬೇರೆ ಯಾರಾದ್ರೂ ಇದ್ದಾರಾ? ರಾತ್ರಿಯೊಳಗೆ ಹೇಗಾದ್ರೂ ಕರ್ಕೊಂಡು ಹೋಗ್ತೀನಿ."

"ಇದ್ದಾನಲ್ಲ ತಾಯಿ, ನನ್ನ ಶಿಷ್ಯ. ಸೇತುವೆ ಆಚೆ ಕ್ಲಿನಿಕ್ಕು. ನನಗಿಂತ ಕೈ ಹಗುರ."

ಮೋಟಾರಿನವನ ತಲೆ ಸರಕ್ಕನೆ ಮೇಲೆದ್ದಿತು.

"ನೀವು ಹೋಗೋದೇನೂ ಬೇಡ," ಎಂದರು ಡಾಕ್ಟರು ಕೈ ಜೋಡಿಸಿ. "ಎಲ್ಲಾ ಫೋನಲ್ಲಿ ಹೇಳಿದ್ದೀನಿ. ಅವನೂ ಕ್ಲಿನಿಕ್ ಖಾಲಿ ಮಾಡಿ, ಇವರ ದರ್ಶನಕ್ಕೆ ಅಂತ ದಾರೀಲಿದ್ದಾನೆ."