ಮೂರು ಬಾತುಕೋಳಿಗಳಿಗೆ ಮನೆ ಬೇಕಾಗಿದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾತುಕೋಳಿ ಸಾಕಿ ನೋಡು ಎನ್ನುವುದನ್ನು ಯಾಕೆ ಬಿಟ್ಟರು? ನಕ್ಷೆರಾಯರಿಗೆ ಈ ಸಂಶಯ ಹುಟ್ಟುವ ಹೊತ್ತಿಗೆ ಕಾಲ ಮಿಂಚಿತ್ತು. ಮದುವೆ ಆಗಿತ್ತು, ಮನೆ ಕಟ್ಟಿಯಾಗಿತ್ತು, ಮೂರು ಬಾತುಕೋಳಿಗಳು ಹಿತ್ತಲಿಗೆ ಬಂದಾಗಿತ್ತು.

ನಕ್ಷೆರಾಯರು ಎನ್ನುವುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತೆಂಟು ವರ್ಷದಿಂದ ಎಂಜಿನಿಯರರೊಬ್ಬರ ಕಚೇರಿಯಲ್ಲಿ ಬೆನ್ನು ಬಗ್ಗಿಸಿ ಕಂಡವರ ಮನೆಗಳಿಗೆ ನಕ್ಷೆ ಬರೆಯುತ್ತಿದ್ದರು. ಗೆರೆಯೆಲ್ಲ ಇವರದು, ಕೆಳಗೆ ಸಹಿ ಎಂಜಿನಿಯರರದು. (ಹೊಗಳಿಕೆ ಸಹಿಗೆ ಬರುತ್ತದೆ, ಗೆರೆಗೆ ಬರುವುದಿಲ್ಲ.)

ಗ್ರಹಚಾರ ಶುರುವಾದದ್ದು ಬಸವನಹುಳುಗಳಿಂದ. ಹೆಂಡತಿ ತವರಿನಿಂದ ತಂದ ಬೀಜ ಹಾಕಿ ಹಿತ್ತಲಲ್ಲಿ ಸೊಪ್ಪಿನ ಮಡಿ ಮಾಡಿದ್ದರು. ಆ ಬೀಜ ಕೊಟ್ಟ ತಾಯಿ ಈಗ ಇರಲಿಲ್ಲ. ಹಾಗಾಗಿ ಆ ಮಡಿಗೆ ಮನೆಯಲ್ಲಿ ರಾಯರಿಗಿಂತ ಮರ್ಯಾದೆ ಜಾಸ್ತಿ. ಹುಳುಗಳು ಅದರ ಎಲೆಗಳನ್ನೆಲ್ಲ ಜರಡಿ ಮಾಡತೊಡಗಿದ್ದವು.

"ಬಾತುಕೋಳಿ ತರೋಣ ಕಣೇ. ಅವು ಬಸವನಹುಳ ಕಂಡ್ರೆ ಬಿಡಲ್ಲ."

"ಹುಳ ತಿನ್ನೋಕೆ ಬಾತುಕೋಳಿ. ಆಮೇಲೆ ಬಾತುಕೋಳೀನ ತಿನ್ನೋಕೆ ಏನು ತರ್ತೀರಿ?"

"ನಿನಗೆ ಎಲ್ಲದಕ್ಕೂ ಕೊಂಕು."

"ಕೊಂಕಲ್ಲಪ್ಪ. ನನ್ನ ಮಡಿಗೆ ಅವು ಕಾಲಿಟ್ಟರೆ ನೀವು ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಅಷ್ಟೇ."

ಅಷ್ಟಕ್ಕೇ ಅನುಮತಿ ಸಿಕ್ಕಿತೆಂದು ತಿಳಿದ ರಾಯರು ಎಂಟು ಹಾಳೆ ನಕ್ಷೆ ಬರೆದರು. ಹದಿನೈದು ದಿನ ಗರಗಸ, ಸುತ್ತಿಗೆ ಹಿಡಿದು ಬಾತು ಭವನವನ್ನು ಎಬ್ಬಿಸಿದರು. ಗಾಳಿಗೆ ಮೇಲ್ಗಡೆ ಕಿಂಡಿ, ಇಲಿ ನುಗ್ಗದಂತೆ ಜಾಲರಿ, ಜಾರದಂತೆ ಪಟ್ಟಿ ಹೊಡೆದ ಇಳಿಜಾರು ಹಲಗೆ, ಒಳಗೆ ಬೆಚ್ಚನೆ ಹುಲ್ಲು. ಎದುರಿಗೆ ಮುಳುಗು ಹಾಕಲು ಒಂದು ದೊಡ್ಡ ಟಬ್ಬು.

ಬಾತುಕೋಳಿಗಳು ಬಂದವು. ಎರಡೇ ದಿನದಲ್ಲಿ ಬಸವನಹುಳುಗಳ ವಂಶ ನಿರ್ವಂಶ. ರಾಯರು ಎದೆಯುಬ್ಬಿಸಿ ಓಡಾಡಿದರು. ಮೂರನೆಯ ದಿನ ಹುಳು ಸಿಗದೆ ಅವು ಮಡಿಯ ಸುತ್ತ ರಾಯರು ಕಟ್ಟಿದ್ದ ಬೇಲಿಯ ಸಂದಿಯಲ್ಲಿ ನುಸುಳಿ, ತವರಿನ ಸೊಪ್ಪನ್ನು ಬುಡಸಮೇತ ಮುಗಿಸಿದವು. ಉಳಿದ ಮಣ್ಣನ್ನು ಚಪ್ಪಟೆ ಪಾದಗಳಿಂದ ತುಳಿದು ಹದ ಮಾಡಿದವು.

ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಬರಿಯ ಮಡಿಯ ಅಂಚಿನಲ್ಲಿ ಕೂತು, ಉಳಿದಿದ್ದ ಒಂದು ಬೇರನ್ನು ಮಣ್ಣಿನಲ್ಲಿ ಒತ್ತಿ ನೆಟ್ಟರು. ರಾಯರಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅಂದಿನಿಂದ ಆಕೆಯ ಮುಖ ಬಾತುಕೊಂಡೇ ಇತ್ತು. (ಬಾತು ಸಾಕಿದ ಮನೆಯಲ್ಲಿ ಮುಖ ಬಾತುಕೊಳ್ಳದೆ ಇನ್ನೇನಾದೀತು?)

ಇತ್ತ ಬಾತುಕೋಳಿಗಳಿಗೆ ಭವನವೇ ಹಿಡಿಸಲಿಲ್ಲ. ಪ್ರತಿ ಸಂಜೆ ರಾಯರು ಕಚೇರಿಯಿಂದ ಬಂದವರೇ ಟವೆಲು ಹರಡಿ, ಸೊಂಟ ಬಗ್ಗಿಸಿ, "ಬನ್ರಮ್ಮ, ಬನ್ರಪ್ಪ" ಎಂದು ಗೋಗರೆಯುತ್ತ ಹಿತ್ತಲು ಸುತ್ತಬೇಕು. ಅವು ಬಚ್ಚಲಿಗೆ ಹೋದಾವು, ಸೌದೆ ರಾಶಿಗೆ ಹೋದಾವು, ಭವನಕ್ಕೆ ಮಾತ್ರ ಒಲ್ಲವು. ಟಬ್ಬಿಗೆ ಹಾಕಿದ ತಿಳಿನೀರು ಕಾಲು ಗಂಟೆಯಲ್ಲಿ ರಾಡಿ. ದಿನಕ್ಕೆ ಹದಿನಾಲ್ಕು ಬಕೆಟ್ಟು ಹೊತ್ತು, ಒದ್ದೆ ಹುಲ್ಲು ಗುಡಿಸಿ ಬೇರೆ ಹಾಸಿ, ರಾಯರ ಸೊಂಟ ಇಳಿಜಾರು ಹಲಗೆಯ ಹಾಗೆ ವಾಲಿತು. ಕಚೇರಿಯಲ್ಲಿ ಅವರ ಮೈಯ ವಾಸನೆಗೆ ಪಕ್ಕದ ಕುರ್ಚಿ ತಾನಾಗಿಯೇ ದೂರ ಸರಿಯಿತು.

ತಿಂಗಳು ತುಂಬುವಷ್ಟರಲ್ಲಿ ರಾಯರು ಸೋತರು. ಕಿರಾಣಿ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿದರು: ಮೂರು ಬಾತುಕೋಳಿಗಳಿಗೆ ಒಳ್ಳೆಯ ಮನೆ ಬೇಕಾಗಿದೆ.

ಭಾನುವಾರ ಒಬ್ಬ ನಿವೃತ್ತ ಟೀಚರಮ್ಮ ಕೊಡೆ ಹಿಡಿದು ಬಂದರು. ರಾಯರಿಗೆ ದೇವರೇ ಬಂದಂತಾಯಿತು. ಟೀಚರಮ್ಮ ಬಾತುಕೋಳಿಗಳನ್ನು ನೋಡಲಿಲ್ಲ. ನೇರವಾಗಿ ಭವನದ ಮುಂದೆ ಹೋಗಿ ನಿಂತರು.

"ಇದನ್ನ ಯಾರು ಮಾಡಿದ್ದು?"

"ನಾನೇ..." ರಾಯರ ದನಿ ಇಳಿಯಿತು.

"ಕಿಂಡಿ ಇಷ್ಟು ಮೇಲಿಟ್ಟಿದ್ದೀರಲ್ಲ, ಮಲಗಿದಾಗ ಮೈಮೇಲೆ ಗಾಳಿ ಬೀಸಬಾರದು ಅಂತ ತಾನೆ? ಎಷ್ಟು ಮನೆ ನೋಡಿದೆ ನಾನು. ಒಬ್ಬರಿಗೂ ಈ ಬುದ್ಧಿ ಇಲ್ಲ ನೋಡಿ."

ಇಪ್ಪತ್ತೆಂಟು ವರ್ಷದಲ್ಲಿ ರಾಯರ ಗೆರೆಗೆ ಬಂದ ಮೊದಲ ಹೊಗಳಿಕೆ. ಅವರ ಕಣ್ಣು ಮಂಜಾಯಿತು. ಎಂಟೂ ಹಾಳೆ ತಂದು ತೋರಿಸಿದರು. ಟೀಚರಮ್ಮ ಎಂಟನ್ನೂ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಾನು ಮಗಳ ಮನೆಗೆ ಹೋಗ್ತಿದ್ದೀನಿ, ನಾಲ್ಕನೇ ಮಹಡಿ. ನನ್ನ ನಾಲ್ಕು ಬಾತುಗಳನ್ನ ಎಲ್ಲಿ ಬಿಡ್ಲಿ ಅಂತ ಊಟ ಸೇರ್ತಿರಲಿಲ್ಲ. ಕಂಡಕಂಡವರಿಗೆ ಕೊಡೋಕೆ ಮನಸ್ಸು ಬರಲಿಲ್ಲ. ನಿಮ್ಮ ಚೀಟಿ ನೋಡಿ, ಬಾತು ಸಾಕೋರು ಇಲ್ಲೊಬ್ಬರಿದ್ದಾರೆ ಅಂತ ಬಂದೆ. ಇಂಥ ಮನೆ ಕಟ್ಟಿದವರ ಹತ್ತಿರ ಬಿಟ್ಟರೆ ನಾನು ನಿಶ್ಚಿಂತೆ."

"ಇಲ್ಲ, ಚೀಟೀಲಿ ನಾನು ಬರೆದದ್ದು..." ಎಂದರು ರಾಯರು. ಅಷ್ಟರಲ್ಲಿ ಟೀಚರಮ್ಮ ನಕ್ಷೆಯ ಮೇಲೆ ಬೆರಳಿಟ್ಟು "ಅಬ್ಬ, ಎಂಥ ಕೈ!" ಎಂದರು. ರಾಯರ ನಾಲಿಗೆ ತಾನಾಗಿಯೇ ಹೊರಳಿ, "ತನ್ನಿ, ಅದಕ್ಕೇನಂತೆ" ಎಂದುಬಿಟ್ಟಿತು.

ಸಂಜೆ ಆಟೋದಲ್ಲಿ ನಾಲ್ಕು ಬಂದಿಳಿದವು. ಟೀಚರಮ್ಮನ ಶಿಸ್ತಿನಲ್ಲಿ ಬೆಳೆದಂಥವು. ಸಾಲಾಗಿ ಹಲಗೆ ಹತ್ತಿ ಭವನದೊಳಗೆ ಹೋದವು. ಅವನ್ನು ನೋಡಿ ರಾಯರ ಮೂರೂ ಹಿಂದೆಯೇ ನುಗ್ಗಿದವು. ಇಷ್ಟು ದಿನ ಗೋಗರೆದದ್ದು ಒಂದು ಕ್ಷಣದಲ್ಲಿ ಆಯಿತಲ್ಲ ಎಂದು ರಾಯರು ಚಪ್ಪಾಳೆ ತಟ್ಟಿದರು.

ಬೆನ್ನ ಹಿಂದೆ ಹೆಂಡತಿ ನಿಂತಿದ್ದರು. ಒಂದು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟರು.

"ಏಳಾಯ್ತಾ?"

"ಅದು... ಪಾಪ ಆಯಮ್ಮ ಬಹಳ ಹೊಗಳಿದರು ಕಣೇ, ಮನೇನ."

"ಅಷ್ಟು ಚೆನ್ನಾಗಿದ್ದರೆ ಎಂಟನೆಯವರಾಗಿ ನೀವೂ ಅಲ್ಲೇ ಇದ್ದುಬಿಡಿ" ಎಂದು ಒಳಗೆ ಹೋಗಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಕೊಂಡರು.

ರಾಯರು ಸ್ವಲ್ಪ ಹೊತ್ತು ಬಾಗಿಲು ತಟ್ಟಿದರು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ ಭವನದೊಳಗೆ ಇಣುಕಿದರು. ಏಳು ಕೊಕ್ಕುಗಳು ಒಟ್ಟಿಗೆ ಇತ್ತ ತಿರುಗಿದವು. ಒಂದೂ ಸರಿದು ಜಾಗ ಕೊಡಲಿಲ್ಲ.