ಮಾವನ ಸೈಲೆನ್ಸರ್‌ನಲ್ಲಿ ನನ್ನ ಮೀಸೆ

ಸ್ಟೀಲ್ ನೋಡುವ ಕಣ್ಣನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ. ನನಗೆ ಮಾತ್ರ ಕೊಟ್ಟಿದ್ದಾನೆ ಎಂದು ಹನ್ನೊಂದು ವರ್ಷ ನಂಬಿಕೊಂಡು ಸಂಬಳ ತಗೊಂಡವನು ನಾನು.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಲಿಫ್ಟ್ ಬಾಗಿಲಿನ ಸ್ಟೀಲ್ ತಗಡು ಪಾಲಿಶ್ ಆಗಿ ನನ್ನ ಮುಂದೆ ಬರುತ್ತೆ. ನಾನು ಬಗ್ಗಿ ಅದರಲ್ಲಿ ಮುಖ ನೋಡಿಕೊಳ್ತೀನಿ. ಮೀಸೆ ಇದ್ದ ಹಾಗೇ ಕಂಡರೆ ಪಾಸ್. ಒಂದು ಕೂದಲು ಸೊಟ್ಟಗೆ ಕಂಡರೂ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಇಂಟು ಮಾರ್ಕು. ರಿಜೆಕ್ಟ್! ಅಲ್ಲಿ ಪಾಲಿಶ್ ಮಾಡುವ ಆರ್ಮುಗಂ ಮತ್ತಿಗಿರಿಯಲ್ಲಿ ನಮ್ಮ ಪಕ್ಕದ ಮನೆಯವನೂ ಹೌದು. ಅವನು ನನ್ನ ಮೀಸೆಗೆ ಶಾಪ ಹಾಕದ ದಿನವಿಲ್ಲ.

ಆ ಪೆನ್ಸಿಲ್ ಭಾನುವಾರವೂ ನನ್ನ ಜೇಬಲ್ಲೇ ಇರೋದು. ಒಂದು ಯುಗಾದಿಗೆ ರಾಯಕೋಟೆಯ ಮಾವನ ಮನೆಗೆ ಹೋದಾಗ ಅತ್ತೆ ನೀರು ತಂದುಕೊಟ್ಟರು. ಅವರ ಮದುವೆ ಕಾಲದ ಸ್ಟೀಲ್ ಚೊಂಬು. ಅದರಲ್ಲಿ ನನ್ನ ಮೀಸೆ ಸೊಟ್ಟಗೆ ಕಂಡಿತು. ಇಂಟು ಹಾಕಿಬಿಟ್ಟೆ! ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ.

ಮಾವನ ಹತ್ತಿರ ಒಂದು ಹಳೇ ಮೋಟಾರ್ ಸೈಕಲ್ ಇತ್ತು. ಕಂಪನಿ ಸೈಲೆನ್ಸರ್ ತುಕ್ಕು ಹಿಡಿದು ಉದುರಿದ ಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ದಿನ ಕೂತು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹೊಸದು ಮಾಡಿಸಿದ್ದರು. ಆ ಪೈಪು ಅವರಿಗೆ ಮೂರನೇ ಮಗಳು. ನನ್ನ ಹೆಂಡತಿ ಪದ್ಮ ಚಿಕ್ಕವಳಿದ್ದಾಗ ಆ ಬಂಡಿಯ ಟ್ಯಾಂಕ್ ಮೇಲೆ ಕೂತೇ ಸ್ಕೂಲಿಗೆ ಹೋದವಳು. ಈಗ ನನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂತು ಸಂತೆಗೆ ಹೋಗುತ್ತಾಳೆ.

ಮಾವನಿಗೆ ಮಂಡಿ ನೋವು ಜಾಸ್ತಿಯಾಗಿ ಒದ್ದು ಸ್ಟಾರ್ಟ್ ಮಾಡೋಕೆ ಆಗದೆ ಹೋಯಿತು. ಅಳಿಯಂದಿರು ಇಬ್ಬರು, ನಾನು ಮತ್ತು ಷಡ್ಡಕ ಗೋವಿಂದ. "ಒಬ್ಬೊಬ್ರು ಒಂದೊಂದ್ ವಾರ ಇಟ್ಕಳಿ. ಯಾರು ಚೆನ್ನಾಗಿ ನೋಡ್ಕಂತೀರೋ ಬಂಡಿ ಅವ್ರಿಗೇ" ಅಂದರು ಮಾವ.

ಗೋವಿಂದ ಟೊಮೆಟೊ ಮಂಡಿಯವನು. ಸ್ನಾನ ಮಾಡುವುದೇ ಹಬ್ಬಕ್ಕೆ, ಇನ್ನು ಬಂಡಿ ತೊಳೆಯುತ್ತಾನೆಯೇ! ಒಂದು ವಾರ ಓಡಿಸಿ ಹ್ಯಾಂಡಲ್‌ವರೆಗೂ ಕೆಸರು ಮಾಡಿ ತಂದು ನಿಲ್ಲಿಸಿದ. ಸೈಲೆನ್ಸರ್‌ಗೆ ಟೊಮೆಟೊ ಸಿಪ್ಪೆ ಅಂಟಿತ್ತು. ಮಾವ ಹಳೇ ಪಂಚೆಯ ತುಂಡು ನೆನೆಸಿ ಒರೆಸಿದರು. ನಾನು ಮನಸ್ಸಲ್ಲೇ ಗೋವಿಂದನಿಗೆ ಇಂಟು ಹಾಕಿ, ಬಂಡಿಗೆ ಪದ್ಮನನ್ನು ಹತ್ತಿಸಿಕೊಂಡು ಮತ್ತಿಗಿರಿಗೆ ಬಂದೆ.

"ರೀ, ಇದು ನಮಗೇ ಸಿಗುತ್ತಲ್ವಾ?" ಅಂದಳು ಪದ್ಮ. ಮದುವೆಯಾದ ಮೇಲೆ ಅವಳು ಅಷ್ಟು ಆಸೆಪಟ್ಟು ಏನನ್ನೂ ಕೇಳಿರಲಿಲ್ಲ.

"ಎದುರಾಳಿ ಯಾರು ಅಂತ ನೋಡಿದ್ಯಲ್ಲ!" ಅಂದೆ.

ಸೋಮವಾರ ಸಂಜೆ ತಪಾಸಣೆ ಆರಂಭಿಸಲಾಯಿತು. ಬಗ್ಗಿ ಸೈಲೆನ್ಸರ್‌ನಲ್ಲಿ ಮುಖ ನೋಡಿಕೊಂಡರೆ ಅಯ್ಯೋ! ಹಣೆ ಇಲ್ಲ, ಗದ್ದ ಇಲ್ಲ. ಮುಖ ತಟ್ಟಿದ ರೊಟ್ಟಿ. ಮೀಸೆ ಆ ಕಿವಿಯಿಂದ ಈ ಕಿವಿಯವರೆಗೆ ದಾರದ ಹಾಗೆ ಹೋಗಿತ್ತು.

"ಪಾಲಿಶ್ ಸರಿಯಿಲ್ಲ" ಎಂದು ಘೋಷಿಸಿದೆ.

"ಪೈಪು ಗುಂಡಗಿದೆಯಲ್ರೀ. ಮುಖ ಹಂಗೇ ಕಾಣೋದು."

"ಹನ್ನೊಂದು ವರ್ಷದ ಸರ್ವೀಸು ನಂದಾ ನಿಂದಾ?"

ಪದ್ಮ ಒಳಗೆ ಹೋದಳು. ಹನ್ನೊಂದು ವರ್ಷ ಚಪ್ಪಟೆ ತಗಡು ಬಿಟ್ಟು ಬೇರೇನನ್ನೂ ನೋಡದ ಈ ಮಹಾಶಯ ಹುಣಸೆಹಣ್ಣು ತಗೊಂಡು ಕೂತ. ತಿಕ್ಕಿದ್ದೂ ತಿಕ್ಕಿದ್ದೇ. ಮೀಸೆಯ ಒಂದು ಕೂದಲೂ ಅಲ್ಲಾಡಲಿಲ್ಲ.

ಮಂಗಳವಾರ ಇನ್ನೊಂದು ಅಪರಾಧ ಪತ್ತೆಯಾಯಿತು. ಎಂಜಿನ್ ಹತ್ತಿರ ಪೈಪು ಬಾಗುವ ಜಾಗದಲ್ಲಿ ಚಿನ್ನದ ಬಣ್ಣ. ಶಾಖಕ್ಕೆ ಸ್ಟೀಲ್ ಹಾಗಾಗುತ್ತೆ, ಅದು ಕೊಳೆಯಲ್ಲ ಅಂತ ಆಮೇಲೆ ಆರ್ಮುಗಂ ಹೇಳಿದ. ಆಮೇಲೆ! ಅಷ್ಟರಲ್ಲಿ ನಾನು ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಗುಂಡಗುಂಡಗೆ ಉಜ್ಜಿ, ಇಡೀ ಪೈಪಿನ ಮೇಲೆ ಚಕ್ಕುಲಿ ಬರೆದಿದ್ದೆ.

ಕಾಂಪೌಂಡ್ ಮೇಲಿಂದ ಆರ್ಮುಗಂ ಇಣುಕಿದ. "ಸಾರ್, ಸ್ಟೀಲಲ್ಲಿ ಗೆರೆ ಯಾವ ಕಡೆ ಹೋಗಿದ್ಯೋ ಆ ಕಡೇನೇ ಉಜ್ಜಬೇಕು ಸಾರ್, ಗುಂಡಗಲ್ಲ. ನಾನು ಬಂದು ಮಾಡ್ಕೊಡ್ಲಾ?"

ನನ್ನಿಂದ ದಿನಕ್ಕೆ ಹತ್ತು ಇಂಟು ತಿನ್ನುವವನು ನನಗೆ ಪಾಠ ಹೇಳುವುದೇ! "ಮೊದ್ಲು ನಿನ್ ತಗಡು ನೆಟ್ಟಗೆ ಮಾಡಪ್ಪಾ" ಅಂದೆ.

"ಸರಿಂಗ ಸಾರ್" ಅಂದು ತಲೆ ಒಳಗೆ ಎಳೆದುಕೊಂಡ.

ಬುಧವಾರ ಚಕ್ಕುಲಿ ಅಳಿಸಲು ಎಮರಿ ಪೇಪರ್ ತಂದೆ. ಅಂಗಡಿಯವನು ನಯದ್ದು ಬೇಕಾ ಒರಟಿನದು ಬೇಕಾ ಅಂದ. ಬೇಗ ಕೆಲಸ ಆಗೋದು ಕೊಡು ಅಂದೆ. ಬೇಗನೇ ಆಯಿತು! ಚಕ್ಕುಲಿ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಪೈಪು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಈಗ ಸೊಟ್ಟ ಮೀಸೆಯ ಸಮಸ್ಯೆ ಪೂರ್ತಿ ಪರಿಹಾರವಾಗಿತ್ತು. ಮೀಸೆಯೇ ಕಾಣುತ್ತಿರಲಿಲ್ಲ.

ಗುರುವಾರ ನೀರು ಹಾಕಿ ತೊಳೆದು ಹಾಗೇ ಬಿಟ್ಟೆ. ಶುಕ್ರವಾರ ಬೆಳಗ್ಗೆ ನೋಡಿದರೆ ಮೈಯೆಲ್ಲಾ ಕೆಂಪು ಚುಕ್ಕೆ. ಕಬ್ಬಿಣದ ನಾರಿನ ಪುಡಿ ಪೈಪಿಗೆ ಹತ್ತಿಕೊಂಡು ತುಕ್ಕು ಹಿಡಿದಿತ್ತು. ತುಕ್ಕೇ ಹಿಡಿಯಬಾರದು ಎಂದು ಮಾಡಿಸಿದ ಪೈಪಿಗೆ ನಾಲ್ಕೇ ದಿನದಲ್ಲಿ ತುಕ್ಕು ಹಿಡಿಸಿದ ಕೀರ್ತಿ ನನಗೆ ಸಲ್ಲಬೇಕು!

"ಅಪ್ಪ ಇಷ್ಟು ವರ್ಷ ಬರೀ ಬಟ್ಟೇಲಿ ಒರೆಸ್ತಿದ್ರು ಕಣ್ರೀ" ಅಂದಳು ಪದ್ಮ. ಸೆರಗಿನಿಂದ ಒಂದು ಚುಕ್ಕೆ ಒರೆಸಿ ನೋಡಿದಳು, ಹೋಗಲಿಲ್ಲ. ಅಷ್ಟಾದರೂ ಹೋಗಿ ಆರ್ಮುಗಂ ಬಾಗಿಲು ತಟ್ಟಿದೆನೇ? ಇಲ್ಲ. ಮರ್ಯಾದೆ ಪ್ರಶ್ನೆ!

ಭಾನುವಾರ ಬೆಳಗ್ಗೆ ಕೊನೆಯ ಅಸ್ತ್ರ ತೆಗೆದೆ. ಕೊಬ್ಬರಿ ಎಣ್ಣೆ. ಅಂಗೈಯಲ್ಲಿ ಸುರಿದುಕೊಂಡು ಪೈಪಿಗೆ ಮಗುವಿಗೆ ಹಚ್ಚಿದ ಹಾಗೆ ಹಚ್ಚಿದೆ. ಚುಕ್ಕೆ ಮಾಯ, ಬಿಳುಪು ಮಾಯ, ಮಿರಮಿರ ಹೊಳಪು! "ನೋಡಿದ್ಯಾ?" ಅಂದೆ. ಪದ್ಮ ನೋಡಿದಳು, ಹಿಂದೆ ಹತ್ತಿ ಕೂತಳು.

ಹೊಸೂರು ದಾಟುವವರೆಗೆ ಪರಿಮಳ ಬಂತು. ಆಮೇಲೆ ಹೊಗೆ ಬಂತು. ಪಕ್ಕದಲ್ಲಿ ಬಂದ ಮೊಪೆಡ್‌ನವನು "ಸಾರ್, ವಂಡಿ ಪುಗೆಯುದು!" ಎಂದು ತಮಿಳಿನಲ್ಲಿ ಹೊಗೆ ತೋರಿಸಿ ಕೂಗಿದ. ನಾನು ಕೈಬೀಸಿ ಗಂಭೀರವಾಗಿ ಮುಂದೆ ಹೋದೆ. ರಾಯಕೋಟೆ ತಲುಪುವ ಹೊತ್ತಿಗೆ ಎಣ್ಣೆ ಹೊತ್ತಿ, ಪೈಪು ಸೀದ ದೋಸೆ ಬಣ್ಣಕ್ಕೆ ಬಂದಿತ್ತು. ಅದರ ನಡುವೆ ನನ್ನ ಐದು ಬೆರಳುಗಳ ಅಚ್ಚು ಒಂದೊಂದು ಗೆರೆ ಸಮೇತ ಸುಟ್ಟು ಕೂತಿತ್ತು. ಪೊಲೀಸರು ಕೂಡ ಅಷ್ಟು ನೀಟಾಗಿ ತೆಗೆಯಲಾರರು.

ಮಾವ ಕೋಲೂರಿಕೊಂಡು ಬಂದರು. ಕಷ್ಟಪಟ್ಟು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಅಳಿಯಂದ್ರೇ, ನನ್ ಮೀಸೆ ಕಾಣ್ತಿಲ್ವಲ್ಲ."

ನಾನು ಕರ್ಚೀಫು ತೆಗೆದು ಇನ್ನೊಮ್ಮೆ ಒರೆಸಲು ಬಗ್ಗಿದೆ.

"ಆ ಕೆಂಪು ಪೆನ್ಸಿಲ್ ಇತ್ತಾಗ್ ಕೊಡಿ."

ಕೊಟ್ಟೆ. ಪೈಪು ಆರುವವರೆಗೆ ಕಾದಿದ್ದು, ಸೈಲೆನ್ಸರ್ ಮೇಲೆ ದೊಡ್ಡದಾಗಿ ಇಂಟು ಹಾಕಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಚೊಂಬು ಹಿಡಿದುಕೊಂಡೇ ನಕ್ಕರು. ಗೋವಿಂದನೂ ಅಲ್ಲೇ ಇದ್ದ. ಉಗುರಿನ ಕೊಳೆ ತೆಗೆಯುತ್ತಿದ್ದ.

"ಗೋವಿಂದ ಬಂಡೀನ ಕೊಳೆ ಮಾಡ್ದ. ಕೊಳೆ ಒರೆಸಿದ್ರೆ ಹೋಯ್ತದೆ" ಅಂದರು ಮಾವ. "ನೀವು ಪೈಪ್ನೇ ಒರೆಸ್ಬುಟ್ರಲ್ಲ ಅಳಿಯಂದ್ರೇ!"

ಬೀಗದ ಕೈ ಗೋವಿಂದನ ಕೈಗೆ ಹೋಯಿತು. ಪೆನ್ಸಿಲ್ ಪದ್ಮನ ಕೈಗೆ ಬಂತು. "ಇದ್ನ ನೀನೇ ಇಟ್ಕಳವ್ವಾ, ಇವ್ರ ಕೈಗೆ ಕೊಡಬ್ಯಾಡ" ಅಂದರು ಮಾವ.

ವಾಪಸ್ ಬರುವಾಗ ಬಸ್ಸು. ಪದ್ಮ ಕಿಟಕಿ ಪಕ್ಕ ಕೂತು, ನಮ್ಮನ್ನು ಹಿಂದೆ ಹಾಕಿಕೊಂಡು ಹೋದ ಪ್ರತಿ ಮೋಟಾರ್ ಸೈಕಲ್ಲನ್ನೂ ನೋಡುತ್ತಿದ್ದಳು. ಅದನ್ನು ನೋಡಲಾಗದೆ ಮುಂದಿನ ಸೀಟಿಗೆ ತಲೆಕೊಟ್ಟು ಮಲಗಿಬಿಟ್ಟೆ.

ಮತ್ತಿಗಿರಿಯಲ್ಲಿ ಇಳಿದು ನಡೆಯುವಾಗ ಹಿಂದೆ ಯಾರೋ ಕಿಸಕ್ ಅಂದರು. ಬೀದಿ ತಿರುಗಿದರೆ ಇನ್ನಿಬ್ಬರು ನಕ್ಕರು. ಮನೆ ಮುಂದೆ ಆರ್ಮುಗಂ ನಿಂತಿದ್ದ. ನನ್ನ ಬೆನ್ನು ನೋಡಿದ, ಪದ್ಮನನ್ನು ನೋಡಿದ, ಕೈಮುಗಿದ.

"ಸಾರ್, ನಿಮ್ಮನ್ನ ಯಾರು ಸಾರ್ ರಿಜೆಕ್ಟ್ ಮಾಡಿದ್ದು?"

ಒಳಗೆ ಬಂದು ಬಿಳೀ ಶರ್ಟು ಬಿಚ್ಚಿ ನೋಡಿದೆ. ಬೆನ್ನ ತುಂಬಾ ಕೆಂಪು ಪೆನ್ಸಿಲ್‌ನ ಇಂಟು. ಗೆರೆ ನೆಟ್ಟಗಿತ್ತು, ಒತ್ತು ಸಮನಾಗಿತ್ತು. ನನ್ನ ಸರ್ವೀಸಿನಲ್ಲಿ ಅಷ್ಟು ಸರಿಯಾದ ತೀರ್ಪನ್ನು ನಾನೇ ಕೊಟ್ಟಿರಲಿಲ್ಲ.

"ಬಿಡಿ, ಉಜ್ಜಿದ್ರೆ ಹೋಗುತ್ತೆ" ಅಂದಳು ಪದ್ಮ, ಕೊನೆಗೂ ನಗುತ್ತಾ.

ನಾನು ಶರ್ಟನ್ನು ಅವಳ ಕೈಗೇ ಕೊಟ್ಟೆ. ನಾನು ಉಜ್ಜಿದರೆ ಏನಾಗುತ್ತದೆ ಎಂಬುದು ಈಗ ರಾಯಕೋಟೆವರೆಗೂ ಗೊತ್ತಾಗಿದೆ.